ಆಯಿ ಅಂದರೆ ಯಾರು?

ಅಪರಾಧ ಸಾಬೀತಾಗಿದೆ ಎಂದು ಹೇಳಿದ ಮೇಲೆ ನ್ಯಾಯಾಧೀಶರು ಆರೋಪಿಯ ಕಡೆ ತಿರುಗಿ, ಶಿಕ್ಷೆಯ ಬಗ್ಗೆ ನಿನಗೇನಾದರೂ ಹೇಳುವುದಿದೆಯೇ ಎಂದು ಕೇಳಬೇಕು. ಅದು ಕಾನೂನು. ಕೇಳದೆ ಶಿಕ್ಷೆ ಹಾಕಿದರೆ ಮೇಲಿನ ಕೋರ್ಟು ಸುಮ್ಮನೆ ಬಿಡುವುದಿಲ್ಲ. ಕೇಳಿದಾಗ ಆರೋಪಿ ಏನು ಹೇಳುತ್ತಾನೆ ಎನ್ನುವುದು ನಮಗೆಲ್ಲ ಬಾಯಿಪಾಠ. ಮುದಿ ತಾಯಿ, ಸಣ್ಣ ಮಕ್ಕಳು, ದುಡಿಯುವವನು ನಾನೊಬ್ಬನೇ. ಮಹಾರಾಷ್ಟ್ರದ ಗಡಿಯ ಗಡಹಿಂಗ್ಲಜದಲ್ಲಿ ವಕೀಲಿ ಮಾಡುತ್ತ ನಾನೇ ಎಷ್ಟೋ ಜನರ ಪರವಾಗಿ ಈ ಮಂತ್ರ ಹೇಳಿದ್ದೇನೆ. ಮದುವೆ ಮನೆಯ ಮಂತ್ರದ ಹಾಗೆ ಇದನ್ನೂ ಹೇಳಲೇಬೇಕು, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹಾಗಾಗಿ ಆ ದಿನ ನನ್ನ ಕಕ್ಷಿದಾರ ಬಾಯಿ ಬಿಟ್ಟಾಗ ನಾನೂ ಅರ್ಧ ಕಿವಿಯಲ್ಲೇ ಕೇಳಿದೆ. ಅವನು ಇಚಲಕರಂಜಿಯ ಮಗ್ಗದ ಕೆಲಸಗಾರ, ಇಪ್ಪತ್ತರ ಆಚೆಯ ತರುಣ. ಮನೆಮಾತು ಕನ್ನಡ, ಕೆಲಸದ ಮಾತು ಮರಾಠಿ. ಕಾನೂನು ನೆರವಿನ ಕಡೆಯಿಂದ ಅವನ ಪ್ರಕರಣ ನನಗೆ ಬಂದಿತ್ತು. ಅವನು ಮರಾಠಿಯಲ್ಲೇ ಹೇಳಿದ: "ಘರೀ ಆಯಿ ಆಜಾರೀ ಆಹೇ. ಬಘಣಾರಾ ಮೀ ಏಕಟಾಚ." ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ನೋಡಿಕೊಳ್ಳುವವನು ನಾನೊಬ್ಬನೇ ಎಂದು ಕೋರ್ಟು ತಿಳಿದುಕೊಂಡಿತು, ಹಾಗೆಯೇ ದಾಖಲಿಸಿತು. ನಿಜವೋ ಸುಳ್ಳೋ ಪರಿಶೀಲಿಸಿ ತಿಳಿಸುವಂತೆ ಸರ್ಕಾರಿ ವಕೀಲರಿಗೆ ಹೇಳಿ ನ್ಯಾಯಾಧೀಶರು ಮುಂದಿನ ತಾರೀಖು ಕೊಟ್ಟರು.

ಅವನು ಮಾಡಿದ್ದು ಸಣ್ಣದೇನಲ್ಲ. ನಮ್ಮ ಊರಿನ ಒಬ್ಬ ಹೆಣ್ಣುಮಗಳು ಪೇಟೆಯಲ್ಲಿ ಜಂಪರು ಹೊಲಿಯುವ ಅಂಗಡಿ ಇಟ್ಟಿದ್ದಳು. ಸಂಜೆ ಅಂಗಡಿ ಮುಚ್ಚಿ ಓಣಿಯಲ್ಲಿ ಮನೆಗೆ ಹೋಗುವಾಗ ಇಬ್ಬರು ಮೋಟರ್‌ಸೈಕಲ್ ಮೇಲೆ ಬಂದರು. ಹಿಂದೆ ಕುಳಿತವನು ಕೊರಳ ಸರಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ. ಅವನು ಕಬ್ಬಿಣದ ಸರಳಿನಿಂದ ಅವಳ ಬಲಗೈಗೆ ಹೊಡೆದ. ಅವಳು ಬಿದ್ದಳು. ಆಗ ಗಾಡಿ ನಡೆಸುತ್ತಿದ್ದ ನನ್ನ ಕಕ್ಷಿದಾರ ಕೆಳಗಿಳಿದು ಬಿದ್ದವಳ ಕೊರಳಿನಿಂದ ಸರ ಹರಿದುಕೊಂಡ. ಸರಳಿನವನು ಇವತ್ತಿಗೂ ಸಿಕ್ಕಿಲ್ಲ. ಇವನು ಸಿಕ್ಕ.

ಸರಳು ಇವನ ಕೈಯಲ್ಲಿದ್ದಿದ್ದರೆ ನಾನು ಮಾತಾಡುವುದಕ್ಕೇ ಏನೂ ಇರುತ್ತಿರಲಿಲ್ಲ. ಮಾರಕ ಆಯುಧ ಬಳಸಿದವನಿಗೆ ಏಳು ವರ್ಷಕ್ಕೆ ಕಡಿಮೆ ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ. ಆದರೆ ಆ ಹೆಣ್ಣುಮಗಳು ಸಾಕ್ಷಿಕಟ್ಟೆಯಲ್ಲಿ ನಿಂತು, ಹೊಡೆದವನು ಇವನಲ್ಲ, ಇವನು ಸರ ಹರಿದವನು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದರಿಂದ ಏಳು ವರ್ಷದ ಆ ಕಲಮು ಬಿದ್ದುಹೋಯಿತು. ಗಾಯ ಮಾಡಿ ದರೋಡೆ ಮಾಡಿದ ಕೂಟದಲ್ಲಿ ಸೇರಿದ್ದ ಎಂಬುದು ಮಾತ್ರ ಉಳಿಯಿತು. ಅದಕ್ಕೆ ಹತ್ತು ವರ್ಷವನ್ನೂ ಕೊಡಬಹುದು, ಕಡಿಮೆಯನ್ನೂ ಕೊಡಬಹುದು. ಅವನ ಕಷ್ಟಸುಖ ತೂಗುವ ಜಾಗ ತೆರೆದದ್ದು ಅವನ ಕೂಟದಿಂದ ಕೈಯ ಬಲ ಕಳೆದುಕೊಂಡವಳ ಸತ್ಯದಿಂದ. ಇದು ನನ್ನ ತಲೆಯಲ್ಲಿ ಮುಳ್ಳಿನ ಹಾಗೆ ಇತ್ತು.

ಮುಂದಿನ ತಾರೀಖಿಗೆ ಸರ್ಕಾರಿ ವಕೀಲರು ಎದ್ದು ನಿಂತರು. ಕೊಲ್ಹಾಪುರದವರು, ಮಾತು ಖಡಕ್, ಮನುಷ್ಯ ಕೆಟ್ಟವರಲ್ಲ. ಪೊಲೀಸರು ಇಚಲಕರಂಜಿಗೆ ಹೋಗಿ ವಿಚಾರಿಸಿದ್ದಾರೆ, ಆರೋಪಿ ಸಣ್ಣವನಿದ್ದಾಗಲೇ ತಾಯಿ ತೀರಿಕೊಂಡಿದ್ದಾಳೆ, ಸತ್ತ ತಾಯಿಯ ಹೆಸರು ಹೇಳಿ ಕೋರ್ಟಿನ ಕರುಣೆ ಕೇಳುವವನಿಗೆ ಪಶ್ಚಾತ್ತಾಪ ಎಲ್ಲಿಂದ ಬರಬೇಕು ಎಂದರು. ಹತ್ತು ವರ್ಷ ಕೇಳಿದರು.

ಹಿಂದಿನಿಂದ, ಪೊಲೀಸರ ನಡುವೆ ನಿಂತಿದ್ದ ಅವನು ಗಾಬರಿಯಲ್ಲಿ ಕನ್ನಡಕ್ಕೆ ಜಾರಿದ.

"ಅವ್ವ ಸತ್ತಾಳ್ರಿ ಸಾಹೇಬ್ರ. ಆಯಿ ಅದಾಳ."

ನಮ್ಮ ನ್ಯಾಯಾಧೀಶರು ವಿದರ್ಭದವರು, ಕನ್ನಡ ಒಂದಕ್ಷರ ಬಾರದು. ಅವರಿಗೆ ಕೇಳಿಸಿದ್ದು ಆಯಿ ಎಂಬ ಒಂದೇ ಶಬ್ದ. ಇನ್ನೂ ಆಯಿ ಆಯಿ ಎನ್ನುತ್ತಿದ್ದಾನಲ್ಲ ಎಂದು ಅವರ ಮುಖ ಕೆಂಪಾಯಿತು. ಸುಳ್ಳನ್ನು ಕೋರ್ಟಿನೆದುರು ಎರಡನೆಯ ಸಲ ಹೇಳಿದ್ದಾನೆ ಎಂದು ಅವರು ಟೈಪಿಸ್ಟಿಗೆ ಹೇಳಿ ಬರೆಸುತ್ತಿದ್ದಾಗಲೇ ನನ್ನ ತಲೆಯಲ್ಲಿ ದೀಪ ಹತ್ತಿತು.

ನಮ್ಮ ಕಡೆ ಹೆತ್ತವಳು ಅವ್ವ. ಆಯಿ ಅಂದರೆ ಅಜ್ಜಿ. ಮರಾಠಿಯಲ್ಲಿ ಆಯಿ ಅಂದರೆ ತಾಯಿ, ಬೇರೆ ಅರ್ಥವೇ ಇಲ್ಲ. ಅವನು ಹುಟ್ಟಿದಾಗಿನಿಂದ ಯಾರನ್ನು ಆಯಿ ಎಂದು ಕರೆದಿದ್ದನೋ ಅವಳನ್ನು ಮರಾಠಿ ಮಾತಿನ ನಡುವೆಯೂ ಆಯಿ ಎಂದೇ ಕರೆದಿದ್ದ. ನಾನೂ ನಮ್ಮಜ್ಜಿಯನ್ನು ಆಯಿ ಎಂದೇ ಕೂಗಿ ಬೆಳೆದವಳು. ಆದರೆ ಕರಿ ಕೋಟು ಹಾಕಿದ ಕೂಡಲೇ ನನ್ನ ಕಿವಿ ಮರಾಠಿಯದಾಗಿಬಿಡುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕೋರ್ಟಿನಲ್ಲಿ ಆಡಿದ ಮಾತು ಹೋಗುವುದೂ ಇಲ್ಲ, ಅಲ್ಲೇ ಕೂತಿರುತ್ತದೆ.

ನಾನು ಎದ್ದು ವಿವರಿಸಿದೆ. ಸರ್ಕಾರಿ ವಕೀಲರು, ಆರೋಪಿ ಮರಾಠಿಯಲ್ಲಿ ಹೇಳಿದ್ದಾನೆ, ಮರಾಠಿಯ ಅರ್ಥವೇ ಲೆಕ್ಕ ಎಂದರು. ಸೋತ ವಕೀಲರು ಕೊನೆ ಗಳಿಗೆಯಲ್ಲಿ ಏನೆಲ್ಲ ಹುಟ್ಟಿಸುತ್ತಾರೆ ಎಂಬುದನ್ನು ನ್ಯಾಯಾಧೀಶರು ಬೇಕಾದಷ್ಟು ಕಂಡವರು. ಹೇಳುವುದನ್ನು ಪ್ರಮಾಣಪತ್ರದ ಮೇಲೆ ಹೇಳಿ, ಆ ಅಜ್ಜಿ ಯಾರು, ಅವಳಿಗೆ ಬೇರೆ ಯಾರಿದ್ದಾರೆ ಎಲ್ಲ ಬರಲಿ ಎಂದು ಇನ್ನೊಂದು ತಾರೀಖು ಹಾಕಿದರು. ಬರೆಸಿದ್ದನ್ನು ಮಾತ್ರ ಅಳಿಸಲಿಲ್ಲ.

ನಾನು ಎಸ್‌ಟಿ ಬಸ್ಸು ಹತ್ತಿ ಇಚಲಕರಂಜಿಗೆ ಹೋದೆ. ಮಹಾರಾಷ್ಟ್ರದಿಂದ ಮಹಾರಾಷ್ಟ್ರಕ್ಕೆ ಹೋಗುವ ದಾರಿಯಲ್ಲಿ ಸಂಕೇಶ್ವರ, ನಿಪ್ಪಾಣಿ ಎಂದು ಕರ್ನಾಟಕ ಬಂದು ಹೋಗುತ್ತದೆ. ಆ ಸಲ ಅದು ನನಗೆ ಚೇಷ್ಟೆಯಂತೆ ಕಂಡಿತು. ಮಗ್ಗದ ಶೆಡ್ಡಿನ ಬೆನ್ನಿಗೆ ಒಂದು ಕೋಣೆ. ಗೋಡೆಯಾಚೆ ಮಗ್ಗಗಳ ಖಟಖಟ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಒಳಗೆ ಮಂಚದ ಮೇಲೆ ಆಯಿ ಮಲಗಿದ್ದಳು. ಸೊಂಟದ ಎಲುಬು ಮುರಿದು ಕೂಡಿರಲಿಲ್ಲ. ಕೈ ಮಾತ್ರ ಚುರುಕು, ಕಣ್ಣು ಇನ್ನೂ ಚುರುಕು.

ಪೊಲೀಸ್ ಬಂದಿದ್ದನೇ ಎಂದು ಕೇಳಿದೆ. ಬಂದಿದ್ದನಂತೆ. ಹುಡುಗನ ತಾಯಿ ಎಲ್ಲಿ ಎಂದು ಕೇಳಿದನಂತೆ, ಸತ್ತಾಳ ಎಂದು ಇವಳು ಹೇಳಿದಳಂತೆ, ನೀರು ಕುಡಿದು ಹೋದನಂತೆ. ನೀನು ಯಾರು ಎಂದು ಅವನು ಕೇಳಲಿಲ್ಲ. ಅವನಿಗೆ ಒಪ್ಪಿಸಿದ ಪ್ರಶ್ನೆ ತಾಯಿಯದು ಮಾತ್ರ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಅವಳ ಸಂಗತಿ ಸ್ವಲ್ಪದರಲ್ಲಿ ಹೇಳುವಂಥದ್ದು. ಅದೇ ಶೆಡ್ಡಿನಲ್ಲಿ ಕಾಂಡಿಗೆ, ಲಾಳಿಯೊಳಗಿನ ಸಣ್ಣ ಕೊಳವೆಗೆ, ನೂಲು ಸುತ್ತುತ್ತ ಮುದುಕಿಯಾದವಳು. ಹಿರಿಯ ಮಗಳು ಸತ್ತಾಗ ಅಳಿಯ ಕೂಸನ್ನು ಇವಳ ಮಡಿಲಿಗೆ ಹಾಕಿ ಹೋದವನು ತಿರುಗಿ ಬರಲಿಲ್ಲ. ಆ ಕೂಸೇ ಈಗ ಜೈಲಿನಲ್ಲಿರುವವನು. ಅವಳು ಬಿದ್ದ ಮೇಲೆ ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ಅವನೇ ಮಾಡುತ್ತಿದ್ದ. ನೆರೆಯವರೂ ಅದನ್ನೇ ಹೇಳಿದರು. ಗಂಡಸು ಹಿಂಗ ಮಾಡೂದು ನಾವ ನೋಡಿಲ್ಲ ಎಂದರು. ಈಗ ಪಕ್ಕದ ಮನೆಯಾಕೆ ಎರಡು ಹೊತ್ತು ಬಂದು ಹೋಗುತ್ತಾಳೆ.

ಇಷ್ಟು ಕೇಳಿ ನನಗೆ ಹುರುಪು ಬಂತು. ಮಂತ್ರದ ಹಿಂದೆ ಒಂದು ಸಲವಾದರೂ ನಿಜವಾದ ದೇವರು ಸಿಕ್ಕ ಎಂದುಕೊಂಡೆ. ಆಗ ಅವಳೇ ಹೇಳಿದಳು, ಕಿರಿಯ ಮಗಳೊಬ್ಬಳು ಕೊಲ್ಹಾಪುರದಲ್ಲಿ ಇದ್ದಾಳೆ ಎಂದು. ಗಂಡ ಫೌಂಡ್ರಿಯಲ್ಲಿ ಕೆಲಸಕ್ಕಿದ್ದಾನೆ, ಮನೆ ಇದೆ, ಬಾ ಬಾ ಎಂದು ಕರೆಯುತ್ತಿದ್ದಾಳೆ.

"ಮತ್ತ ಯಾಕ ಹೋಗಿಲ್ಲ ಆಯಿ?" ಎಂದೆ.

"ನಾ ಹ್ವಾದ್ರ ಮಾಲಕ ಈ ಖೋಲಿ ಬ್ಯಾರೆದವರಿಗೆ ಕೊಡ್ತಾನ. ಅಂವ ಬಿಡುಗಡಿ ಆಗಿ ಬಂದ್ರ ಎಲ್ಲಿಗೆ ಬರಬೇಕು ತಂಗಿ?"

ಬಸ್ಸಿನಲ್ಲಿ ಮರಳುವಾಗ ನನ್ನ ಹುರುಪು ಅರ್ಧ ಇಳಿದಿತ್ತು. ನೋಡಿಕೊಳ್ಳುವವನು ನಾನೊಬ್ಬನೇ ಎಂಬ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಕೋರ್ಟಿಗೆ ಇಂಥದ್ದನ್ನು ಹೇಳುವುದು ಭಾಳ ಕಷ್ಟ.

ಅವನನ್ನು ಕಾಣಲು ಕೊಲ್ಹಾಪುರದ ಜೈಲಿಗೆ ಹೋದೆ. ಕೊಲ್ಹಾಪುರದ ಚಿಗವ್ವನ ಸಂಗತಿ ಯಾಕೆ ಮುಚ್ಚಿಟ್ಟೆ ಎಂದು ಗದರಿದೆ.

"ಆಕಿ ಹೆಸರ ತಗದ್ರ ಮುಗೀತಲ್ರಿ ಮೇಡಂ. ಮುದುಕಿಗೆ ಬ್ಯಾರೆದವರು ಅದಾರ, ಇವನ್ನ ಒಳಗ ಇಡ್ರಿ ಅಂತಾರ."

ಕಾನೂನು ಓದದೆಯೂ ಅವನಿಗೆ ಅಷ್ಟು ತಿಳಿದಿತ್ತು. ದರೋಡೆಗೆ ಯಾಕೆ ಹೋದೆ ಎಂದು ಕೇಳಿದೆ. ಆಯಿಯ ಔಷಧಕ್ಕೆ ಎಂದಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಹಾಗೇನೂ ಇರಲಿಲ್ಲ. ಗೆಳೆಯ ಗಾಡಿ ತಂದ, ಬಾ ಅಂದ, ಹೋದೆ ಎಂದ. ನನ್ನ ನಾಲಿಗೆ ತಡೆಯಲಿಲ್ಲ. ಆ ಹೆಣ್ಣುಮಗಳು ನೆಲಕ್ಕೆ ಬಿದ್ದಾಗ ನೀನು ಇಳಿದು ಕೊರಳಿಗೆ ಕೈ ಹಾಕಿದೆಯಲ್ಲ, ಆಗ ಆಯಿ ನೆನಪಾದಳೇ ಎಂದೆ.

"ಇಲ್ರಿ," ಎಂದ.

ಅವನು ನನ್ನೆದುರು ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದೇ. ಅದನ್ನು ಕೋರ್ಟಿನಲ್ಲಿ ಎಲ್ಲಿಯೂ ಬಳಸುವಂತಿರಲಿಲ್ಲ.

ಬಾರ್ ರೂಮಿನಲ್ಲಿ ನಮ್ಮ ಹಿರಿಯ ವಕೀಲರೊಬ್ಬರಿಗೆ ಎಲ್ಲ ಹೇಳಿದೆ. ಅವರು ಚಹಾ ಬಸಿಯಲ್ಲಿ ಸುರಿದುಕೊಂಡು ಕೇಳಿದರು. ತಾಯಿಯ ತೂಕ ಬೇರೆ, ಅಜ್ಜಿಯ ತೂಕ ಬೇರೆ ಎಂಬುದು ಅವರ ಅನುಭವ. ಅಜ್ಜಿ ಎಂದ ಕೂಡಲೇ, ಅವಳ ಮಕ್ಕಳೆಲ್ಲಿ ಎಂದು ಕೋರ್ಟು ಕೇಳುತ್ತದೆ.

"ಸಾಕಿದಾಕಿ ತಾಯಿನ ಅಲ್ಲೇನ್ರಿ?" ಎಂದರು. "ಸಾಕಿದ ತಾಯಿ, ಅದಕ್ಕ ಆಯಿ ಅಂದ ಅಂತ ಬರೀರಿ. ಸುಳ್ಳೂ ಅಲ್ಲ. ಕೊಲ್ಹಾಪುರದ ಮಗಳ ಸುದ್ದಿ ನೀವ್ಯಾಕ ತಗೀತೀರಿ, ಕೇಳಿದ್ರ ನೋಡೂಣು."

ಆ ಮಾತು ನನ್ನನ್ನು ಎರಡು ದಿನ ಕಾಡಿತು. ಸಾಕಿದ ತಾಯಿ ಎಂದು ಬರೆದರೆ ಯಾರೂ ನನ್ನನ್ನು ಹಿಡಿಯುವಂತಿರಲಿಲ್ಲ. ಹುಡುಗನಿಗೆ ಲಾಭವೂ ಆಗಬಹುದಿತ್ತು, ಅವನ ಲಾಭ ನೋಡುವುದೇ ನನ್ನ ಕೆಲಸ. ಆದರೆ ನ್ಯಾಯಾಧೀಶರು ಬೇರೆ ಯಾರಿದ್ದಾರೆ ಎಂದು ಬಾಯಿಬಿಟ್ಟು ಕೇಳಿದ್ದರು. ಅದಕ್ಕೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಉತ್ತರ ಕೊಟ್ಟು, ಪೊಲೀಸರು ಮತ್ತೆ ಹೋಗಿ ಮಗಳನ್ನು ಹುಡುಕಿ ತಂದರೆ, ಅಜ್ಜಿಯೂ ಸುಳ್ಳಿನ ಪಟ್ಟಿಗೆ ಸೇರುತ್ತಿದ್ದಳು. ಅವನು ಅವಳನ್ನು ಎತ್ತಿದ್ದು ತೊಳೆದದ್ದು ಎಲ್ಲ ನೀರಿಗೆ ಹೋಗುತ್ತಿತ್ತು. ಇನ್ನೊಂದು ಕಾರಣವೂ ಇತ್ತು. ಸಾಕ್ಷಿಕಟ್ಟೆಯಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ ಆ ಹೆಣ್ಣುಮಗಳ ಎದುರು ನನಗೆ ಜಾಣತನ ಮಾಡುವ ಮನಸ್ಸು ಬರಲಿಲ್ಲ.

ಇದ್ದದ್ದನ್ನೇ ಬರೆಸಲು ನಿರ್ಧರಿಸಿದೆ. ಆಯಿ ಅಂದರೆ ತಾಯಿಯ ತಾಯಿ. ಒಬ್ಬ ಮಗಳು ಇದ್ದಾಳೆ, ಒಯ್ಯಲು ತಯಾರಿದ್ದಾಳೆ, ಮುದುಕಿ ಹೋಗಲು ಒಪ್ಪಿಲ್ಲ, ಯಾಕೆ ಒಪ್ಪಿಲ್ಲ ಎಂಬುದು ಹೀಗೆ. ಕೊಲ್ಹಾಪುರಕ್ಕೆ ಹೋಗಿ ಆ ಮಗಳಿಂದಲೂ ಸಹಿ ತಂದೆ. ಹುಡುಗನಿಗೆ ಓದಿ ಹೇಳಿದಾಗ ಅವನು ನೀವು ನನ್ನ ಕಡೆಯವರೋ ಅವರ ಕಡೆಯವರೋ ಎಂದು ಕೇಳಿದ. ಬಹಳ ಹೊತ್ತು ವಾದಿಸಿದ ಮೇಲೆ ಸಹಿ ಹಾಕಿದ, ಮುಖ ತಿರುಗಿಸಿಕೊಂಡ.

ತಾರೀಖಿನ ದಿನ ನ್ಯಾಯಾಧೀಶರು ಎಲ್ಲ ಓದಿದರು. ಕನ್ನಡ ಬಲ್ಲ ನೌಕರನೊಬ್ಬನನ್ನು ಕರೆಸಿ, ನಿಮ್ಮ ಮನೆಯಲ್ಲಿ ಆಯಿ ಎಂದರೆ ಯಾರು ಎಂದು ಕೇಳಿದರು. ಅಜ್ಜಿ ಎಂದ ಅವನು. ಸರ್ಕಾರಿ ವಕೀಲರೂ ಎದ್ದು ಸುಳ್ಳಿನ ಆರೋಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರು. ಅಷ್ಟರ ಮಟ್ಟಿಗೆ ನಾನು ಗೆದ್ದೆ. ಮುಂದೆ, ಮೊದಲ ಅಪರಾಧ, ವಯಸ್ಸು, ಸರಳು ಇವನದಲ್ಲ, ಹಾಸಿಗೆ ಹಿಡಿದವಳನ್ನು ತಾನೇ ನಿಂತು ನೋಡಿಕೊಂಡವನು ತಿದ್ದಿಕೊಳ್ಳಬಲ್ಲ ಎಂದು ವಾದಿಸಿದೆ. ಮಂತ್ರ ಹೇಳುತ್ತಿಲ್ಲ ಎಂದು ನನ್ನ ದನಿಯಲ್ಲೇ ತಿಳಿಯುತ್ತಿತ್ತೋ ಏನೋ, ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳಿದರು.

ಆಮೇಲೆ ಅವರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹೊಲಿಗೆಯ ಹೆಣ್ಣುಮಗಳನ್ನು, ನಿಮಗೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವಳು ಮುಂದೆ ಬಂದು ನಿಂತಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಅದು ಈಗ ಕತ್ತರಿ ಹಿಡಿಯುವುದಿಲ್ಲ. ಮರಾಠಿಯಲ್ಲಿ ಸುರು ಮಾಡಿದವಳು ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದಳು.

"ನಮ್ಮ ಮನ್ಯಾಗೂ ಒಬ್ಬಾಕಿ ಮಲಗ್ಯಾಳ್ರಿ ಮೇಡಂ, ನಮ್ಮತ್ತಿ. ಆಕಿನ್ನ ಈಗ ಒಂದ ಕೈಲೆ ಎತ್ತತೇನಿ. ಇದನ್ನ ಇಷ್ಟ ದಿನದಾಗ ಯಾರೂ ಕೇಳಲಿಲ್ಲ."

ಕೋರ್ಟಿಗಾಗಿ ಅದನ್ನು ಮರಾಠಿಗೆ ಮಾಡಿ ಹೇಳಬೇಕಾದವನು ಆ ನೌಕರ. ಅವನು ಹೇಳಿದ. ಆರೋಪಿಯ ಕಷ್ಟವನ್ನು ಹುಡುಕಿಕೊಂಡು ನಾನು ಎರಡು ಊರು ತಿರುಗಿದ್ದೆ. ಇವಳ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ನನ್ನ ಕೆಲಸ ಅದಲ್ಲ, ನಿಜ. ಆದರೂ ನನಗೆ ಅವಳ ಮುಖ ನೋಡುವುದಾಗಲಿಲ್ಲ.

ಶಿಕ್ಷೆ ಐದು ವರ್ಷ ಆಯಿತು. ಜೈಲಿನಲ್ಲಿ ಈಗಾಗಲೇ ಕಳೆದ ಒಂದು ವರ್ಷ ಅದರಲ್ಲಿ ವಜಾ, ದಂಡ ಕಟ್ಟಿದರೆ ಅದು ಹೊಲಿಗೆಯವಳಿಗೆ. ಸುಳ್ಳು ಹೇಳಿದ್ದಾನೆ ಎಂಬ ಮಾತನ್ನು ತೆಗೆದುಹಾಕಿದ್ದಾಗಿ ನ್ಯಾಯಾಧೀಶರು ಬರೆಸಿದರು. ಅಜ್ಜಿಯ ಬಗ್ಗೆ ಒಂದೇ ಪರಿಚ್ಛೇದ ಇತ್ತು. ಅವಳ ಸ್ಥಿತಿ ಮನಸ್ಸು ಕಲಕುವಂಥದ್ದು. ಆದರೆ ಅವಳು ತನ್ನನ್ನೇ ನೆಚ್ಚಿಕೊಂಡಿದ್ದಾಳೆ ಎಂಬುದು ಆ ಸಂಜೆ ಗಾಡಿ ಏರುವಾಗಲೂ ಆರೋಪಿಗೆ ಗೊತ್ತಿತ್ತು. ಗೊತ್ತಿದ್ದೂ ಹೋದವನು ಈಗ ಅದನ್ನೇ ಮುಂದೆ ಮಾಡಿ ಹೆಚ್ಚಿನ ರಿಯಾಯಿತಿ ಕೇಳುವಂತಿಲ್ಲ ಎಂದಿದ್ದರು.

ಬಾರ್ ರೂಮಿನಲ್ಲಿ ಕೆಲವರು ಒಳ್ಳೆಯದಾಯಿತು ಎಂದರು, ಹತ್ತು ಹೋಗಿ ಐದು ಆಯಿತು ಎಂದರು. ಮಗಳ ಸುದ್ದಿ ತೆಗೆಯದಿದ್ದರೆ ಮೂರು ಆಗುತ್ತಿತ್ತು ಎಂದು ಹಿರಿಯರು ಅಂದರು. ಇರಬಹುದು. ಯಾವ ಕಷ್ಟಕ್ಕೆ ಎಷ್ಟು ವರ್ಷ ಇಳಿಸಿದೆವು ಎಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಕಿರಾಣಿ ಅಂಗಡಿಯವನಾದರೂ ತಕ್ಕಡಿಯ ಮುಳ್ಳು ಗಿರಾಕಿಗೆ ಕಾಣುವಂತೆ ಹಿಡಿಯುತ್ತಾನೆ. ಇಲ್ಲಿ ಮುಳ್ಳು ಕಾಣಿಸುವುದಿಲ್ಲ. ಪೊಲೀಸರು ಕರೆದೊಯ್ಯುವಾಗ ಹುಡುಗ, ಆಯಿಗೆ ನೀವೇ ಹೋಗಿ ಹೇಳಿ, ಬೇರೆಯವರ ಬಾಯಿಂದ ಕೇಳಬಾರದು ಎಂದ.

ಮಾರನೆಯ ವಾರ ಹೋದೆ. ಪಕ್ಕದ ಮನೆಯಾಕೆ ಅವಳಿಗೆ ತಲೆ ಬಾಚುತ್ತಿದ್ದಳು. ನನ್ನನ್ನು ಕಂಡು ಎದ್ದು ಹೊರಗೆ ಹೋದಳು. ನಾನು ಮಂಚದ ಅಂಚಿನಲ್ಲಿ ಕುಳಿತೆ. ಮಗ್ಗದ ಸದ್ದಿನಲ್ಲಿ ಮೆಲ್ಲಗೆ ಹೇಳುವ ಹಾಗಿರಲಿಲ್ಲ, ಕೂಗಿಯೇ ಹೇಳಬೇಕಾಯಿತು. ಐದು ವರ್ಷ ಎಂದೆ. ಒಳಗಿದ್ದದ್ದು ಕಳೆದು ನಾಲ್ಕು ಎಂದೆ. ಒಳ್ಳೆಯ ನಡತೆ ಇದ್ದರೆ ಸ್ವಲ್ಪ ಕಡಿಮೆಯಾಗಬಹುದು, ಮೇಲಿನ ಕೋರ್ಟಿಗೆ ಅಪೀಲೂ ಹಾಕಬಹುದು ಎಂದೆ.

ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ ಎಂದು ಬಾಗಿದೆ.

"ಅಲ್ಲೀತನಕಾ ನಾ ಇರತೇನಿ ಅಂತ ಜಡ್ಜ್ ಸಾಹೇಬ್ರು ಏನರ ಬರದಾರೇನ?" ಎಂದು ಕೇಳಿದಳು. ಚೇಷ್ಟೆ ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು.

"ಇಲ್ಲ ಆಯಿ. ಅದನ್ನ ಬರದಿಲ್ಲ."

"ಹಂಗಾರ ಮಗಳಿಗೆ ಫೋನ್ ಹಚ್ಚು. ಬಂದು ಒಯ್ಯಿ ಅನ್ನು."

ನಾನು ಫೋನು ಹಚ್ಚಿ ಅವಳ ಕಿವಿಗೆ ಹಿಡಿದೆ.